ಬೆಲ್ಲದ ಮಂಡಿಯ ಗೆಳೆಯನಿಗೆ

ಲೋ ಮಗಾ,

ವಾಟ್ಸಾಪಿನಲ್ಲಿ ಬರೆದಿದ್ದರೆ ಎರಡು ನೀಲಿ ಗೀಟು ಬೀಳುತ್ತಿದ್ದವು, ಉತ್ತರ ಬರುತ್ತಿರಲಿಲ್ಲ. ಅದಕ್ಕೇ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ. ಈಗ ತಪ್ಪಿಸಿಕೋ ನೋಡೋಣ. ಓದುತ್ತಿರುವ ಬೇರೆಯವರಿಗೆ ಒಂದು ಮಾತು: ಇವನು ಮಂಡ್ಯದಲ್ಲಿ ಬೆಲ್ಲದ ವ್ಯಾಪಾರಿ. ಒಳ್ಳೆಯವನು. ಬಾಳೆಕಾಯಿ ವಿಷಯ ಮಾತ್ರ ಕೇಳಬೇಡಿ.

ಟಿಕೆಟ್ ಬಂತು. ಮುಂದಿನ ತಿಂಗಳು ಉಗಾಂಡಕ್ಕೆ. ಎರಡು ವರ್ಷ, ಚರ್ಚಿನವರು ನಡೆಸುವ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಸಂಬಳ ಇಲ್ಲ. ಊಟ ಹಾಕಿ, ಇರೋಕೆ ಒಂದು ರೂಮು ಕೊಡುತ್ತಾರೆ. ಟೀ ಅಂಗಡಿಯಲ್ಲಿ ಹೇಳಿದರೆ ಒಬ್ಬ ಹಿರಿಯರು, "ಇದಿ ಅಮೀನ್ ಇದ್ದ ದೇಶ ಅಲ್ವೇನಪ್ಪಾ? ನಮ್ಮೋರನ್ನೆಲ್ಲ ಓಡಿಸಿದ್ನಲ್ಲ" ಅಂದರು. 1972ರಲ್ಲಿ ಆ ಸರ್ವಾಧಿಕಾರಿ ಅಲ್ಲಿದ್ದ ಭಾರತ ಮೂಲದವರನ್ನು 90 ದಿನ ಗಡುವು ಕೊಟ್ಟು ಓಡಿಸಿದ್ದು ನಿಜ. ಅವನು ಗದ್ದುಗೆ ಬಿಟ್ಟು ಓಡಿದ್ದು 1979ರಲ್ಲಿ ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ, ಟೀ ದುಡ್ಡು ಮಾತ್ರ ಅವರೇ ಕೊಟ್ಟರು.

ಇಷ್ಟು ದಿನ ಬರೀ ಕಾಗದಪತ್ರದ ಓಡಾಟ. ಅಲ್ಲಿನ ನರ್ಸುಗಳ ಕೌನ್ಸಿಲ್‌ನಲ್ಲಿ ಹೆಸರು ದಾಖಲಾಗಬೇಕು. ಪೊಲೀಸ್ ಕ್ಲಿಯರೆನ್ಸಿಗೆ ಪೇದೆ ಮನೆಗೆ ಬಂದ ದಿನ ಪಕ್ಕದ ಮನೆ ಅಜ್ಜಿ "ಏನ್ ಮಾಡ್ಕಂಡ್ನೋ ಮುಂಡೇದು" ಅಂತ ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ಹಳದಿ ಜ್ವರದ ಸೂಜಿಯನ್ನು ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡೆ. ಆ ದೇಶಕ್ಕೆ ಕಾಲಿಡುವ ಹತ್ತು ದಿನ ಮುಂಚೆಯಾದರೂ ಅದು ಆಗಿರಬೇಕು. 2016ರಿಂದ ಒಂದು ಸೂಜಿ ಜೀವನಪೂರ್ತಿ ಸಾಕು ಅಂತ ನಿಯಮ. ಸೂಜಿ ಹಾಕಿಸಿಕೊಂಡದ್ದಕ್ಕೆ ಸಾಕ್ಷಿಯಾಗಿ ಕೊಡುವ ಹಳದಿ ಪುಸ್ತಕ ಕಳೆದುಕೊಂಡು ವಾಪಸ್ ಬಂದರೆ ನಮ್ಮವರೇ ಆರು ದಿನ ಕೂಡಿಹಾಕಬಹುದು. ನನ್ನ ಕೈಯಲ್ಲಿ ಪುಸ್ತಕಗಳು ಎಷ್ಟು ಉಳಿಯುತ್ತವೆ ಅಂತ ನಿನಗೆ ಗೊತ್ತು. ಅದೀಗ ಅವ್ವನ ಬೈಬಲಿನೊಳಗೆ ಭದ್ರವಾಗಿದೆ.

ಹೋದ ಭಾನುವಾರ ಪೂಜೆ ಮುಗಿದ ಮೇಲೆ ಶಾಲು ಹೊದಿಸಿದರು. ನಮ್ಮ ಪಾಲಹಳ್ಳಿಯಲ್ಲಿ ಇಂಥದ್ದಕ್ಕೆ ಒಂದು ಕಥೆ ರೆಡಿ ಇರುತ್ತೆ, ಅಬ್ಬೆ ದುಬ್ವಾ ಅವರದ್ದು. 1792ರಲ್ಲಿ ಫ್ರಾನ್ಸ್ ಬಿಟ್ಟು ಬಂದ ಪಾದ್ರಿ. ಟಿಪ್ಪು ಹೋದ ಮೇಲೆ ನಮ್ಮ ಶ್ರೀರಂಗಪಟ್ಟಣದ ಕಡೆ ಬಂದರು. ನಮ್ಮವರ ಹಾಗೇ ಉಟ್ಟು, ನಮ್ಮ ಹಾಗೇ ಉಂಡು, ದೊಡ್ಡ ಸ್ವಾಮಿಯೋರು ಅನ್ನಿಸಿಕೊಂಡರು. ಸಾವಿರಾರು ಜನಕ್ಕೆ ಸಿಡುಬಿನ ಲಸಿಕೆ ಹಾಕಿಸಿದರು. 31 ವರ್ಷ ಈ ದೇಶದಲ್ಲಿದ್ದು 1823ರಲ್ಲಿ ವಾಪಸ್ ಹೋದರು. ಫಾದರ್ ಪ್ರಸಂಗದಲ್ಲಿ ನನ್ನನ್ನು ಅವರ ಪಕ್ಕದಲ್ಲೇ ನಿಲ್ಲಿಸಿಬಿಟ್ಟರು. ಅವರು ಊರಿಗೇ ಸೂಜಿ ಹಾಕಿಸಿದವರು, ನಾನು ಒಂದು ಹಾಕಿಸಿಕೊಂಡು ಎರಡು ದಿನ ಕೈ ನೋವು ಅಂತ ಮಲಗಿದವನು. ಶಾಲು ಹೊದ್ದು ನಿಂತಾಗ ನನಗೆ ಬಂದ ಯೋಚನೆ ಬೇರೆ. ಆ ಮನುಷ್ಯ ಫ್ರಾನ್ಸ್ ಬಿಟ್ಟಾಗ ಅಲ್ಲಿ ಒಬ್ಬ ತಾಯಿ ಇದ್ದಿರಬೇಕಲ್ವಾ? ಅವಳಿಗೆ ರಾತ್ರಿ ಹೊತ್ತು ಯಾರು ಕೈ ಹಿಡಿದರು? ಫಾದರ್ ಆ ವಿಷಯ ಎತ್ತಲಿಲ್ಲ.

ಈ ಯೋಚನೆ ಸುಮ್ನೆ ಬಂದದ್ದಲ್ಲ. ಶನಿವಾರ ಸಂಜೆ ಅವ್ವನ ಮಾತ್ರೆಗಳ ಪಟ್ಟಿ ಮಾಡಲು ಕೂತಿದ್ದೆ. ನಾನು ಹೋದ ಮೇಲೆ ತಮ್ಮನ ಹೆಂಡತಿಗೆ ಕಷ್ಟ ಆಗಬಾರದು ಅಂತ. ಆಸ್ಪತ್ರೆಯಲ್ಲಿ ಹಾಕುವ ಹಾಗೇ ಅಡ್ಡಗೆರೆ ಉದ್ದಗೆರೆ ಎಳೆದು, ಬಿಪಿ ಮಾತ್ರೆ ಕೆಂಪು ಪೆನ್ನಲ್ಲಿ, ಶುಗರ್ ಮಾತ್ರೆ ನೀಲಿ ಪೆನ್ನಲ್ಲಿ. ಹದಿನಾರು ವರ್ಷದ ಸರ್ವೀಸು ನಂದು. ಅವಳು ಸೊಪ್ಪು ಬಿಡಿಸುತ್ತಾ ಬಗ್ಗಿ ನೋಡಿ, "ಭಾವ, ಬಿಪಿದು ಬದಲಾಗಿ ಎರಡು ತಿಂಗಳಾಯ್ತು. ರಾತ್ರಿದನ್ನ ಡಾಕ್ಟ್ರು ನಿಲ್ಸಿದಾರೆ" ಅಂದಳು. ಕೊಂಕು ಇರಲಿಲ್ಲ ಕಣೋ ಮಾತಿನಲ್ಲಿ. ಮತ್ತೆ ಸೊಪ್ಪು ಬಿಡಿಸಿದಳು.

ನನಗೆ ನಾಚಿಕೆ ಆಗಬೇಕಿತ್ತು. ಆಯ್ತು ಕೂಡ, ಆದರೆ ಆಮೇಲೆ. ಮೊದಲು ಆದದ್ದು ನಿರಾಳ. ಓ, ನಾನಿಲ್ಲದಿದ್ದರೂ ನಡೆಯುತ್ತೆ, ಹೋಗಬಹುದು ಅಂತ.

ಅರ್ಜಿಯಲ್ಲಿ "ಯಾಕೆ ಹೋಗಬೇಕು ಅಂತಿದ್ದೀರಿ" ಅಂತ ಒಂದು ಪ್ರಶ್ನೆ ಇತ್ತು. ದೇವರ ಕರೆ ಅಂತ ಒಂದು ಪುಟ ಬರೆದಿದ್ದೆ. ಸುಳ್ಳಲ್ಲ. ಆದರೆ ಇನ್ನೊಂದು ಇದೆ. ಅವ್ವ ರಾತ್ರಿ ಎರಡು ಗಂಟೆಗೆ ಎದ್ದೇ ಏಳುತ್ತಾಳೆ. ಬಚ್ಚಲಿಗೆ ಕರಕೊಂಡು ಹೋಗಬೇಕು, ಕೂರಿಸಬೇಕು, ಒಂದೊಂದು ಸಲ ಸೀರೆ ಬದಲಾಯಿಸಬೇಕು. ವಾರ್ಡಿನಲ್ಲಿ ಇದನ್ನೇ ಬೇರೆಯವರ ತಾಯಂದಿರಿಗೆ ಮಾಡುತ್ತೇನೆ, ಮುಖ ಸಿಂಡರಿಸದೆ. ಮನೆಯಲ್ಲಿ ಆಗಲ್ಲ. ಅಲ್ಲಿ ಅವಳು ನನ್ನನ್ನು ನೋಡುವ ನೋಟ ಇದೆಯಲ್ಲ, ಅದು ಆಗಲ್ಲ. ಮೂರು ವರ್ಷದಿಂದ ನೈಟ್ ಡ್ಯೂಟಿ ಬೀಳುತ್ತಿದೆ ಅಂತ ನಿನ್ನ ಹತ್ತಿರ ಗೊಣಗುತ್ತಿದ್ದೆನಲ್ಲ, ಬೀಳುತ್ತಿರಲಿಲ್ಲ ಮಗಾ. ಕೇಳಿ ಹಾಕಿಸಿಕೊಳ್ಳುತ್ತಿದ್ದೆ.

ಇಲ್ಲಿ ಎರಡು ಗಂಟೆಯಾದರೆ ಉಗಾಂಡದಲ್ಲಿ ಹನ್ನೊಂದೂವರೆ. ಅದನ್ನೂ ಲೆಕ್ಕ ಹಾಕಿಟ್ಟುಕೊಂಡಿದ್ದೇನೆ.

ಈ ವಾರ ಹಗಲು ಡ್ಯೂಟಿಗೆ ಬದಲಾಯಿಸಿಕೊಂಡೆ. ಮೊದಲ ರಾತ್ರಿ ನಡುಮನೆಯಲ್ಲಿ, ಅವ್ವನ ಮಂಚದ ಪಕ್ಕದಲ್ಲೇ ಚಾಪೆ ಹಾಕಿ ಮಲಗಿದೆ. ಎರಡು ಗಂಟೆಗೆ ಅವಳು ಎದ್ದಳು. ನಾನೂ ಎದ್ದು ಕೈ ಚಾಚಿದೆ. ನನ್ನ ಮುಖ ನೋಡಿದಳು, ಆಮೇಲೆ ಒಳಗಿನ ರೂಮಿನ ಕಡೆ ತಿರುಗಿ ಸೊಸೆಯನ್ನೇ ಕೂಗಿದಳು.

ಇಷ್ಟೆಲ್ಲ ಬರೆಯೋಕೆ ಕೂತದ್ದಲ್ಲ. ನಿನಗೆ ಲಗೇಜಿನ ವಿಷಯ ಹೇಳೋಣ ಅಂತ ಶುರು ಮಾಡಿದ್ದು. ಅಳಿಸಿದರೆ ಲಗೇಜು ಮಾತ್ರ ಉಳಿಯುತ್ತೆ, ಅದಕ್ಕೇ ಇರಲಿ ಬಿಡು. ಹೋಗುವುದನ್ನು ಬಿಡುತ್ತೇನೆ ಅಂತ ಮಾತ್ರ ಆಸೆ ಇಟ್ಟುಕೊಳ್ಳಬೇಡ. ವಾರ್ಡಿನವರು ಕೇಕು ಕತ್ತರಿಸಿಯಾಗಿದೆ. ಶಾಲು ವಾಪಸ್ ತಗೊಳ್ಳುವ ಪದ್ಧತಿ ನಮ್ಮ ಚರ್ಚಿನಲ್ಲಿ ಇಲ್ಲ.

ಅವ್ವ ಐದು ಕೆಜಿ ರಾಗಿಹಿಟ್ಟು, ಉಪ್ಸಾರಿನ ಖಾರ, ಹುರುಳಿಕಾಳು ಕಟ್ಟಿಸಿದ್ದಾಳೆ. ಹಿಟ್ಟಿನ ದೊಣ್ಣೆ ಬೇರೆ! ಅಲ್ಲೂ ರಾಗಿ ಬೆಳೆಯುತ್ತಾರೆ ಕಣವ್ವ, ರಾಗಿ ಹುಟ್ಟಿದ್ದೇ ಉಗಾಂಡ, ಇಥಿಯೋಪಿಯಾ ಕಡೆ, ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂದದ್ದು, ಅಲ್ಲಿ ಕಾಲೋ ಅಂತ ನಮ್ಮ ಹಿಟ್ಟಿನ ಹಾಗೇ ತಿರುವಿ ಕೈಯಲ್ಲಿ ಮುರಿದು ತಿನ್ನುತ್ತಾರೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಎಲ್ಲಾ ಕೇಳಿಸಿಕೊಂಡು, "ಅವ್ರು ಕೊಟ್ಟಿದ್ದನ್ನ ವಾಪಸ್ ಕೊಟ್ಟು ಬರೋಕೆ ಹೋಯ್ತಿದ್ದೀಯಾ ಹಂಗಾದ್ರೆ" ಅಂದಳು. ನಕ್ಕಳು. ಹಗಲು ಹೊತ್ತು ನನ್ನ ಜೊತೆ ಚೆನ್ನಾಗೇ ಇರುತ್ತಾಳೆ.

ಅಲ್ಲಿ ಇನ್ನೊಂದು ಮುಖ್ಯ ಊಟ ಮಟೊಕೆ. ಬಾಳೆಕಾಯಿ ಬೇಯಿಸಿ ಹಿಸುಕಿದ್ದು. ಹೌದು, ಬಾಳೆಕಾಯಿ. ನಗಬೇಡ.

ಒಂದು ಬ್ಯಾಗಿಗೆ 23 ಕೆಜಿ ಮಾತ್ರ ಬಿಡುತ್ತಾರೆ. ಭಾನುವಾರ ನಿನ್ನ ಅಂಗಡಿಯ ತಕ್ಕಡಿ ತಗೊಂಡು ಬಾ. ಮಾರುವಾಗ ಇಡುತ್ತೀಯಲ್ಲ, ಅದಲ್ಲ. ಸರಿ ಇರೋದು.

ಇಂತಿ ನಿನ್ನ,
ಪಾಲಹಳ್ಳಿಯ ಚಿಕ್ಕ ಸ್ವಾಮಿ