ಅಪ್ಪನ ಫ್ಲ್ಯಾಟಿಗೆ ಬೀಗ ಹಾಕುವ ಮುಂಚೆ ಎಲ್ಲರೂ ಒಮ್ಮೆ ಕೂತು ಮಾತಾಡಿ

ಮಾನ್ಯ ಸಂಪಾದಕರೇ,

ಮುಂಬಯಿ, ಠಾಣೆ, ಡೊಂಬಿವಲಿ ಕಡೆ ನಮ್ಮ ಕನ್ನಡಿಗರ ಎಷ್ಟೋ ಮನೆಗಳು ಬೀಗ ಹಾಕಿಕೊಂಡು ನಿಂತಿವೆ. ನೋಡಿದರೆ ಸಂಕಟವಾಗುತ್ತದೆ. ಊರಿಂದ ಬಂದು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಬ್ಯಾಂಕೋ ಫ್ಯಾಕ್ಟರಿಯೋ ಸೇರಿ, ಪೈಸೆ ಪೈಸೆ ಕೂಡಿಟ್ಟು ಅಪ್ಪ ಕೊಂಡ ಒನ್ ಬಿಎಚ್‌ಕೆ ಅದು. ಈಗ ಅಪ್ಪ ಇಲ್ಲ. ಮಕ್ಕಳು ಮೂರು ದಿಕ್ಕಿಗೆ. ಒಬ್ಬರು ಮಾರೋಣ ಅನ್ನುತ್ತಾರೆ, ಇನ್ನೊಬ್ಬರು ಬೇಡ ಅನ್ನುತ್ತಾರೆ, ಮೂರನೆಯವರನ್ನು ಯಾರೂ ಕೇಳಿಯೇ ಇರುವುದಿಲ್ಲ. ನಾನು ಡೊಂಬಿವಲಿಯ ಒಂದು ಹೌಸಿಂಗ್ ಸೊಸೈಟಿಯ ಕಮಿಟಿಯಲ್ಲಿ ಕೆಲಸ ಮಾಡುವವನು. ಇಂಥ ಜಗಳ ಕೊನೆಗೆ ಬಂದು ಬೀಳುವುದು ನಮ್ಮ ಆಫೀಸಿನ ಮೇಜಿನ ಮೇಲೆ. ಹಾಗಾಗಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಜಾಸ್ತಿ ಗೊಂದಲ ಇರುವುದು ನಾಮಿನಿ, ಅಂದರೆ ಸದಸ್ಯರು ತಮ್ಮ ನಂತರಕ್ಕೆಂದು ಸೊಸೈಟಿಯಲ್ಲಿ ಹೆಸರು ಬರೆಸಿಟ್ಟವರ ವಿಷಯದಲ್ಲಿ. "ನಾಮಿನೇಶನ್ ನನ್ನ ಹೆಸರಲ್ಲಿದೆ, ಮನೆ ನನ್ನದೇ" ಎಂದು ದೊಡ್ಡವರು ಬಂದು ಹೇಳುತ್ತಾರೆ. ಹಾಗಲ್ಲ. ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಗೆ 2019ರಲ್ಲಿ ಸೇರಿಸಿದ ಕಲಂ 154ಬಿ-13 ಪ್ರಕಾರ ನಾಮಿನಿ ತಾತ್ಕಾಲಿಕ ಸದಸ್ಯ ಅಷ್ಟೆ, ನಿಜವಾದ ವಾರಸುದಾರರು ಸದಸ್ಯರಾಗಿ ಬರುವ ತನಕ. ಸೊಸೈಟಿ ಜೊತೆ ವ್ಯವಹಾರ ನಡೆಸಲು ಒಬ್ಬರು ಬೇಕು, ಅದಕ್ಕೆ ನಾಮಿನಿ. ಮಾಲೀಕತ್ವದ ಮಾತೇ ಬೇರೆ.

ಅಪ್ಪ ವಿಲ್ ಬರೆಯದೆ ಹೋಗಿದ್ದರೆ, ಅವರು ಸ್ವಂತ ದುಡಿಮೆಯಿಂದ ಕೊಂಡ ಮನೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಮ್ಮನಿಗೂ ಎಲ್ಲ ಮಕ್ಕಳಿಗೂ ಸಮಪಾಲು. ಅಜ್ಜಿ, ಅಂದರೆ ಅಪ್ಪನ ತಾಯಿ, ಬದುಕಿದ್ದರೆ ಅವರಿಗೂ ಒಂದು ಪಾಲು. ಅಮ್ಮ, ಇಬ್ಬರು ಗಂಡು, ಒಬ್ಬಳು ಹೆಣ್ಣು ಎಂದಾದರೆ ನಾಲ್ಕು ಪಾಲು. ಮದುವೆಯಾಗಿ ಪುಣೆಗೆ ಹೋದ ಅಕ್ಕನದೂ ಅಷ್ಟೇ ಪಾಲು. ಹಿಂದೆ ವಾಸದ ಮನೆಯಲ್ಲಿ ಗಂಡುಮಕ್ಕಳು ಪಾಲು ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ವಿಭಜನೆ ಕೇಳುವಂತಿರಲಿಲ್ಲ, ಕಲಂ 23 ಅಡ್ಡ ಇತ್ತು. 2005ರಲ್ಲಿ ಅದನ್ನು ತೆಗೆದುಹಾಕಿದರು. ಆದರೂ ಇವತ್ತಿಗೂ ಅಣ್ಣತಮ್ಮಂದಿರು ಬ್ರೋಕರ್ ಜೊತೆ ರೇಟು ಮಾತಾಡಿ ಮುಗಿಸಿ, ಆಮೇಲೆ ಅಕ್ಕನಿಗೆ ಫೋನ್ ಮಾಡಿ "ಒಂದು ಸಹಿ ಹಾಕಿ ಹೋಗು" ಅನ್ನುತ್ತಾರೆ. ಅವಳಿಗೆ ಬೇಜಾರಾಗದೆ ಇರುತ್ತದಾ? ನಾನು ನೋಡಿದ ಎಷ್ಟೋ ಜಗಳಗಳಲ್ಲಿ ದುಡ್ಡಿನ ಮಾತು ಆಮೇಲೆ ಬಂದಿದೆ. ಮೊದಲು ನೋವಾಗಿದ್ದು ಈ ಫೋನಿನಿಂದಲೇ.

ಮಾತು ಬಿಗಡಾಯಿಸಿದಾಗ "ನನ್ನ ಪಾಲನ್ನು ಹೊರಗಿನವರಿಗೆ ಮಾರುತ್ತೇನೆ" ಎಂಬ ಬೆದರಿಕೆ ಬರುತ್ತದೆ. ತನ್ನ ಪಾಲು ಮಾರುವ ಹಕ್ಕೇನೋ ಇದೆ. ಆದರೆ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವನಿಗೆ ಮನೆಯವರ ಜೊತೆ ಬಂದು ಇರುವ ಹಕ್ಕು ಇಲ್ಲ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 44 ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಅವನು ವಿಭಜನೆ ಕೇಳಿ ಕೋರ್ಟಿಗೆ ಹೋದರೂ ಮನೆಯವರು ಅವನ ಪಾಲನ್ನು ಬೆಲೆ ಕಟ್ಟಿಸಿ ವಾಪಸು ಕೊಳ್ಳಬಹುದು. ಇಂಥ ಪಾಲನ್ನು ಒಳ್ಳೆ ರೇಟಿಗೆ ಯಾರು ತಾನೇ ಕೊಳ್ಳುತ್ತಾರೆ? ಬಂದರೂ ತೀರಾ ಕಡಿಮೆ ಬೆಲೆಗೆ ಕೇಳಿಕೊಂಡು ಬರುತ್ತಾರೆ.

ಇನ್ನು ಕೋರ್ಟು. ಫ್ಲ್ಯಾಟನ್ನು ಗೋಡೆ ಕಟ್ಟಿ ನಾಲ್ಕು ಮಾಡಲು ಆಗುವುದಿಲ್ಲ. ಅದಕ್ಕೆಂದೇ 1893ರ ವಿಭಜನೆ ಕಾಯ್ದೆ ಇದೆ. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲಿನವರು ಕೇಳಿದರೆ, ಪಾಲು ಮಾಡುವ ಬದಲು ಮಾರಿ ಹಣ ಹಂಚಲು ಕೋರ್ಟು ಆದೇಶ ಕೊಡಬಹುದು. ಆಗ ಉಳಿದವರು "ನಾವೇ ಕೊಳ್ಳುತ್ತೇವೆ" ಎಂದರೆ ಕೋರ್ಟು ಬೆಲೆ ಕಟ್ಟಿಸಿ, ಮೊದಲು ಅವರಿಗೇ ಕೊಡುತ್ತದೆ. ಇಷ್ಟೇ ಅದರ ತಿರುಳು. ಆದರೆ ಅಲ್ಲಿಗೆ ಮುಟ್ಟಲು ಮೊದಲು ಪಾಲು ಎಷ್ಟೆಂದು ಹೇಳುವ ಪ್ರಾಥಮಿಕ ಡಿಕ್ರಿ (ಕೋರ್ಟಿನ ತೀರ್ಪು), ಆಮೇಲೆ ಅಂತಿಮ ಡಿಕ್ರಿ, ನಡುವೆ ಮೇಲ್ಮನವಿ. ವರ್ಷಗಟ್ಟಲೆ ಹೋಗುತ್ತದೆ. ಅಷ್ಟರಲ್ಲಿ ಮೇಂಟೆನೆನ್ಸ್ ಬಾಕಿ ಬೆಳೆಯುತ್ತದೆ, ಛಾವಣಿ ಸೋರುತ್ತದೆ. ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುವ ರಿಡೆವಲಪ್‌ಮೆಂಟಿಗೆ ಹೋದರಂತೂ ಬಿಲ್ಡರ್ ಜೊತೆ ಅಗ್ರಿಮೆಂಟಿಗೆ ಸಹಿ ಯಾರದು, ಅಲ್ಲಿಯ ತನಕ ಬಿಲ್ಡರ್ ಕೊಡುವ ಬಾಡಿಗೆ ಹಣ ಯಾರ ಖಾತೆಗೆ ಎಂದು ಇನ್ನೊಂದು ಜಗಳ ಶುರು.

ನಾನು ಹೇಳುವುದು ಒಂದೇ. ಕೋರ್ಟು ವರ್ಷಗಳ ಮೇಲೆ ಮಾಡುವುದನ್ನು ಮನೆಯಲ್ಲೇ ಮೊದಲು ಮಾಡಿ. ಎಲ್ಲರೂ ಒಪ್ಪುವ ರಿಜಿಸ್ಟರ್ಡ್ ವ್ಯಾಲ್ಯುವರ್ ಒಬ್ಬರಿಂದ ಬೆಲೆ ಹಾಕಿಸಿ. ರೆಡಿ ರೆಕನರ್ ದರವನ್ನು ಮಾರುಕಟ್ಟೆ ಬೆಲೆ ಅಂದುಕೊಳ್ಳಬೇಡಿ, ಅದು ಸ್ಟ್ಯಾಂಪ್ ಡ್ಯೂಟಿಗಾಗಿ ಸರ್ಕಾರ ಇಟ್ಟ ದರ. ಮನೆ ಉಳಿಸಿಕೊಳ್ಳಬೇಕು ಅನ್ನುವವರಿಗೆ ಮೊದಲ ಅವಕಾಶ ಕೊಡಿ, ಜೊತೆಗೆ ಒಂದು ಗಡುವು ಕೊಡಿ, ಆರು ತಿಂಗಳೋ ಎಂಟು ತಿಂಗಳೋ. ಅಷ್ಟರೊಳಗೆ ಸಾಲ ಮಾಡಿಯಾದರೂ ಉಳಿದವರ ಪಾಲಿನ ಹಣ ಕೊಡಲಿ. ಆಗದಿದ್ದರೆ ಹೊರಗೆ ಮಾರುವುದಕ್ಕೆ ಅಡ್ಡ ಬರಬಾರದು. ಇದನ್ನು ಕಾಗದದ ಮೇಲೆ ಬರೆದು, ವಕೀಲರೊಬ್ಬರಿಗೆ ತೋರಿಸಿ, ಎಲ್ಲರೂ ಸಹಿ ಹಾಕಿ. "ಆಮೇಲೆ ನೋಡೋಣ" ಎಂದು ಸುಮ್ನೆ ಬಿಟ್ಟಿದ್ದೇ ಜಾಸ್ತಿ ಮನೆ ಮುರಿದಿದೆ.

ಬೆಲೆಗಿಂತ ಕಷ್ಟವಾದ ಲೆಕ್ಕ ಒಂದಿದೆ. ಅಮ್ಮನ ಜೊತೆ ಆ ಮನೆಯಲ್ಲೇ ಉಳಿದವನ ಲೆಕ್ಕ. ಮೇಂಟೆನೆನ್ಸ್ ಅವನೇ ಕಟ್ಟಿದ್ದಾನೆ, ಬಾತ್‌ರೂಮ್ ರಿಪೇರಿ ಮಾಡಿಸಿದ್ದಾನೆ, ರಾತ್ರೋರಾತ್ರಿ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಓಡಿದ್ದಾನೆ. ಇನ್ನೊಂದು ಕಡೆ, ಅವನು ಬಾಡಿಗೆ ಇಲ್ಲದೆ ಇದ್ದದ್ದೂ ನಿಜ, ಅಲ್ವಾ? ಎರಡನ್ನೂ ಬಾಯಿಬಿಟ್ಟು ಹೇಳಿ, ರಸೀದಿ ಇದ್ದದ್ದು ರಸೀದಿ ಪ್ರಕಾರ, ಇಲ್ಲದ್ದು ಒಪ್ಪಿಗೆಯ ಪ್ರಕಾರ ಲೆಕ್ಕ ಹಾಕಿ, ಪಾಲು ಹಂಚುವ ಮೊದಲೇ ತೀರಿಸಿಬಿಡಿ. ಅವನ ಹೆಂಡತಿ ಅತ್ತೆಗೆ ಮಾಡಿದ ಸೇವೆಗೆ ರಸೀದಿ ಇರುವುದಿಲ್ಲ. ಅದನ್ನು ಎಲ್ಲರ ಎದುರು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ಉಳಿದವರಿಗೆ ಬೇಕು. ಮತ್ತೆ ಅಮ್ಮ ಇದ್ದರೆ, ಅವರು ಎಲ್ಲಿ ಇರಬೇಕು ಎಂಬುದು ತೀರ್ಮಾನವಾಗದೆ ಬ್ರೋಕರನ್ನು ಮನೆಯೊಳಗೆ ಕರೆಯಲೇಬೇಡಿ. ಅವರದೂ ಪಾಲಿದೆ ಎಂಬುದನ್ನೇ ನಾವು ಮರೆಯುತ್ತೇವೆ.

ಊರಿನ ಜಾಗವನ್ನು ಇದಕ್ಕೆ ಬೆರೆಸುವುದು ಇನ್ನೊಂದು ರೋಗ. "ಅಡಿಕೆ ತೋಟ ನೀನು ಇಟ್ಟುಕೋ, ಮುಂಬಯಿ ಮನೆ ನನಗಿರಲಿ" ಎಂದು ಮದುವೆ ಮನೆಯಲ್ಲಿ ಮಾತಾಗುತ್ತದೆ. ಹಾಗೆ ಅದಲು ಬದಲು ಮಾಡಬಹುದು, ತಪ್ಪಿಲ್ಲ. ಆದರೆ ಊರಿನದು ಕುಟುಂಬದ ಆಸ್ತಿಯಾಗಿದ್ದರೆ ಅಲ್ಲಿ ಪಾಲುದಾರರೇ ಬೇರೆ ಇರಬಹುದು. ಎರಡೂ ಕಡೆ ಕಾಗದ ನೋಡದೆ ಬಾಯಿಮಾತಿನಲ್ಲಿ ಬಿಟ್ಟರೆ ಮುಂದಿನ ತಲೆಮಾರು ಒದ್ದಾಡುತ್ತದೆ.

ಹಕ್ಕು ಬಿಟ್ಟುಕೊಡುವವರು ರಿಲೀಸ್ ಡೀಡನ್ನು ರಿಜಿಸ್ಟರ್ ಮಾಡಿಸಲೇಬೇಕು, ಬರೀ ಸ್ಟ್ಯಾಂಪ್ ಪೇಪರಿನಲ್ಲಿ ಬರೆದು ನೋಟರಿ ಮಾಡಿಸಿದರೆ ಸಾಲದು. ಗಲ್ಫಿನಲ್ಲಿರುವ ತಮ್ಮ ಬರಲಾಗದಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಪವರ್ ಆಫ್ ಅಟಾರ್ನಿ (ತನ್ನ ಪರವಾಗಿ ಇನ್ನೊಬ್ಬರು ಸಹಿ ಹಾಕಲು ಕೊಡುವ ಅಧಿಕಾರಪತ್ರ) ಮಾಡಿಸಿ ಕಳಿಸಲಿ. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು. ಮಾರಿದ ಲಾಭದ ತೆರಿಗೆ ಪ್ರತಿಯೊಬ್ಬರಿಗೂ ಅವರವರ ಪಾಲಿನ ಮೇಲೆ ಬರುತ್ತದೆ, ಸಿಎಯನ್ನು ಮೊದಲೇ ಕೇಳಿ.

ಇಷ್ಟಾದರೂ ಒಪ್ಪಂದ ಆಗದಿದ್ದರೆ ನೇರ ದಾವೆ ಹಾಕಬೇಕಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ದಾವೆಗೆ ಮುಂಚೆಯೇ ವಿಷಯ ಲೋಕ ಅದಾಲತ್‌ಗೆ ಹೋಗಬಹುದು. ಅಲ್ಲಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ. ನಮ್ಮ ಎಷ್ಟು ಅಕ್ಕತಂಗಿಯರಿಗೆ ಇದು ಗೊತ್ತು?

ಕೊನೆಗೆ ನಮ್ಮ ಕನ್ನಡ ಸಂಘಗಳಿಗೂ ಜಾತಿ ಸಂಘಗಳಿಗೂ ಒಂದು ಕೋರಿಕೆ. ಯಕ್ಷಗಾನ, ನಾಟಕ, ವಾರ್ಷಿಕೋತ್ಸವ ಎಲ್ಲ ನಡೆಯಲಿ, ಅದು ಬೇಕು. ಅದರ ಜೊತೆ ತಿಂಗಳಿಗೆ ಒಂದು ಭಾನುವಾರ ನಿಮ್ಮ ಸಭಾಂಗಣದಲ್ಲಿ ಎರಡು ಗಂಟೆ ಇಂಥ ಕುಟುಂಬಗಳಿಗೆ ಕೊಡಿ. ನಿವೃತ್ತ ನ್ಯಾಯಾಧೀಶರು, ವಕೀಲರು, ಬ್ಯಾಂಕಿನವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಊರಿನ ಭಾಷೆಯಲ್ಲಿ, ಊರಿನವರ ಎದುರು ಕೂತು ಮಾತಾಡಿದರೆ ಬಗೆಹರಿಯುವ ಜಗಳ ಎಷ್ಟೋ ಇವೆ. ಯಾವ ಸಂಘವಾದರೂ ಶುರು ಮಾಡುವುದಾದರೆ, ಸೊಸೈಟಿಯ ಕಾಗದಪತ್ರದ ಕೆಲಸಕ್ಕೆ ನಾನು ಬಂದು ಕೂರುತ್ತೇನೆ. ಪತ್ರಿಕೆಯವರು ದಯವಿಟ್ಟು ಇದನ್ನು ಪ್ರಕಟಿಸಿ.

ಇಂತಿ,
ಸೊಸೈಟಿ ಕಮಿಟಿ ಸದಸ್ಯ, ಡೊಂಬಿವಲಿ ಪೂರ್ವ