ಮೀನು ಸಾಕಣೆ ಪಾಠ ತೊಟ್ಟಿ ಪಕ್ಕದಲ್ಲೇ ನಡೀಲಿ

ಸಂಪಾದಕರಿಗೆ ನಮಸ್ಕಾರ,

ನಾನು ಭದ್ರಾವತಿ ಕಡೆ ಹೈಸ್ಕೂಲಲ್ಲಿ ಸೈನ್ಸ್ ಮೇಷ್ಟ್ರು. ಭದ್ರಾ ಅಣೆಕಟ್ಟಿನ ಹತ್ತಿರ ನಮ್ಮ ಬಿ.ಆರ್. ಪ್ರಾಜೆಕ್ಟ್‌ನಲ್ಲಿ ಮೀನುಮರಿ ಉತ್ಪಾದನಾ ಕೇಂದ್ರ ಇದೆ, ಮಕ್ಕಳು ಬಸ್ಸಲ್ಲಿ ಬಂದು ನೋಡ್ಕೊಂಡು ಹೋಗ್ತಾರೆ, ಒಳ್ಳೇದೇ, ಆದ್ರೆ ಒಂದಿನ ನೋಡಿದ್ರೆ ಏನೂ ಉಳಿಯಲ್ಲ. ಸ್ಕೂಲಲ್ಲೇ ಒಂದು ಸಿಮೆಂಟ್ ತೊಟ್ಟಿ ಕಟ್ಟಿಸಿ ಮಕ್ಕಳ ಕೈಗೇ ಕೊಡ್ಬೇಕು ಅನ್ನೋದು ನನ್ನ ಆಸೆ.

ಮರಿ ತಂದ ದಿನವೇ ಪಾಠ ಶುರು. ಆಕ್ಸಿಜನ್ ತುಂಬಿದ ಕವರನ್ನ ಹಾಗೇ ಕಾಲು ಗಂಟೆ ನೀರಲ್ಲಿ ತೇಲಿಬಿಟ್ಟು, ಒಳಗಿನ ನೀರು ಹೊರಗಿನ ನೀರು ಒಂದೇ ಬಿಸಿಗೆ ಬಂದ ಮೇಲೆ ಮರಿ ಬಿಡ್ಬೇಕು, ಅವಸರ ಮಾಡಿದ್ರೆ ಸಾಯ್ತವೆ. ಗೆಂಡೆ ಜಾತಿ ಮೀನುಗಳಲ್ಲಿ ಕಾಟ್ಲಾ ಮೇಲಿನ ನೀರಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ತಿನ್ನುತ್ತೆ ಅಂತ ಬೋರ್ಡ್ ಮೇಲೆ ಬರೆದ್ರೆ ಪರೀಕ್ಷೆ ಮುಗಿಯೋವರೆಗೆ ನೆನಪಿರುತ್ತೆ ಅಷ್ಟೇ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಆಕ್ಸಿಜನ್ ಲೆಕ್ಕ. ನೀರಿನ ಪಾಚಿ ಹಗಲು ಆಕ್ಸಿಜನ್ ಬಿಡುತ್ತೆ, ರಾತ್ರಿ ಪಾಚಿನೂ ಮೀನೂ ಎರಡೂ ಅದನ್ನೇ ಬಳಸ್ತವೆ, ಹಾಗಾಗಿ ಬೆಳಗಿನ ಜಾವಕ್ಕೆ ತೀರಾ ಕಮ್ಮಿಯಾಗಿ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತವೆ. ಶನಿವಾರ ಹೇಗೂ ಮಾರ್ನಿಂಗ್ ಕ್ಲಾಸು, ಮಕ್ಕಳು ಬಂದ ತಕ್ಷಣ ಒಮ್ಮೆ ನೀರು ಪರೀಕ್ಷೆ ಕಿಟ್ಟಲ್ಲಿ ಆಕ್ಸಿಜನ್ ಅಳೀಲಿ, ಸೋಮವಾರ ಮಧ್ಯಾಹ್ನ 3ಕ್ಕೆ ಇನ್ನೊಮ್ಮೆ ಅಳೀಲಿ, ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗಿಳಿದ್ರೆ ಹುಷಾರಾಗ್ಬೇಕು ಅಂತ ಆಮೇಲೆ ಮಕ್ಕಳೇ ಹೇಳ್ತಾರೆ. ದ್ಯುತಿಸಂಶ್ಲೇಷಣೆನ ಇದಕ್ಕಿಂತ ಚೆನ್ನಾಗಿ ನನಗೆ ಹೇಳ್ಕೊಡೋಕೆ ಬರಲ್ಲ. ಗಣಿತಾನೂ ಇದೆ, ಹತ್ತು ಮೀನು ಬಲೇಲಿ ಹಿಡಿದು ತೂಗಿ, ಸರಾಸರಿ ತೆಗೆದು, ಒಟ್ಟು ತೂಕದ ಶೇ 2-3ರಷ್ಟು ತೌಡು, ಕಡಲೆಕಾಯಿ ಹಿಂಡಿ ದಿನಕ್ಕೆ ಎಷ್ಟು ಬೇಕು ಅಂತ ಲೆಕ್ಕ ಹಾಕ್ಬೇಕು.

ಮೀನು ತಿನ್ನದ ಮನೆಯವರು ಬೇಡ ಅಂದ್ರೆ ಗೋಲ್ಡ್ ಫಿಶ್ ಸಾಕ್ಲಿ, ಪಾಠ ಅದೇ. ಆದ್ರೆ ತೊಟ್ಟಿ ಮೊಣಕಾಲುದ್ದಕ್ಕಿಂತ ಆಳ ಬೇಡ, ಸುತ್ತ ಬೇಲಿ ಇರ್ಲೇಬೇಕು, ಕೃಷಿ ಹೊಂಡಕ್ಕೆ ಬಿದ್ದು ಮಕ್ಕಳು ಹೋದ ಸುದ್ದಿ ನಿಮ್ಮ ಪೇಪರಲ್ಲೇ ಓದ್ತಾ ಇರ್ತೀವಿ.

1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧರಿ ಮತ್ತು ಆಲಿಕುಂಞಿ ಅವರು ಗೆಂಡೆ ಮೀನಿಗೆ ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಮೊಟ್ಟೆ ಇಡ್ಸಿದ್ರು, ಆ ದಿನಾನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ. ತೊಟ್ಟಿ ಪಾಠ ಶುರು ಮಾಡೋಕೆ ಅದೇ ಒಳ್ಳೇ ದಿನ, ಆಗ ಮಳೆಗಾಲ, ಮರಿಯೂ ಸಿಗುತ್ತೆ. ಮೀನುಗಾರಿಕೆ ಇಲಾಖೆ, ಶಿಕ್ಷಣ ಇಲಾಖೆ ಸೇರಿ ಆಸಕ್ತಿ ಇರೋ ಶಾಲೆಗಳಿಗೆ ಬಿತ್ತನೆ ಮರಿ, ಒಂದು ನೀರು ಪರೀಕ್ಷೆ ಕಿಟ್ಟು ಕೊಟ್ಟು, ತಿಂಗಳಿಗೊಮ್ಮೆ ತಿಳಿದವರೊಬ್ಬರನ್ನ ಕಳಿಸಿದ್ರೆ ಸಾಕು, ಮಿಕ್ಕಿದ್ದನ್ನ ನಾವು ಮೇಷ್ಟ್ರುಗಳು ನೋಡ್ಕೋತೀವಿ.

— ಒಬ್ಬ ವಿಜ್ಞಾನ ಶಿಕ್ಷಕ, ಭದ್ರಾವತಿ ತಾಲ್ಲೂಕು