‘ಭರದಿಂದ’ ಅಂದರೆ ದಿನಕ್ಕೆಷ್ಟು?

ಮಾನ್ಯರೇ,

ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಕಾಮಗಾರಿ ಸಾಗುವುದು ಎರಡೇ ಬಗೆಯಲ್ಲಿ: ಒಂದೋ ‘ಭರದಿಂದ’, ಇಲ್ಲವೇ ‘ಆಮೆಗತಿಯಲ್ಲಿ’. ವೇಗದ ಮಾತು ಬಂದ ಮೇಲೆ ಎಷ್ಟು ಹೊತ್ತಿಗೆ ಎಷ್ಟು ಎಂಬ ಲೆಕ್ಕವೂ ಬರಬೇಕು. ಎಂಟು ಕಿ.ಮೀ. ರಸ್ತೆಯಲ್ಲಿ ಆರು ತಿಂಗಳಿಗೆ ಎರಡು ಕಿ.ಮೀ. ಡಾಂಬರು ಬಿದ್ದಿದೆ ಎಂದರೆ ಸಾಕು, ಆಮೆಯೋ ಮೊಲವೋ ಓದುಗರೇ ಹೇಳುತ್ತಾರೆ.

ಹೆಚ್ಚು ಎಡವುವುದು ನೀರಿನ ಸುದ್ದಿಯಲ್ಲಿ. ಕ್ಯೂಸೆಕ್ ಎಂದರೇ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ‘ಸೆಕೆಂಡಿಗೆ 500 ಕ್ಯೂಸೆಕ್’ ಎಂದು ಬರೆದರೆ ಸೆಕೆಂಡು ಎರಡು ಸಲ ಬಂತು. ಟಿಎಂಸಿ (ನೂರು ಕೋಟಿ ಘನ ಅಡಿ) ಹರಿವಿನ ಅಳತೆಯಲ್ಲ, ಪ್ರಮಾಣದ ಅಳತೆ; 11,574 ಕ್ಯೂಸೆಕ್ ನೀರು ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿ. ಕೋಲಾರದ ಕೆರೆಗಳಿಗೆ ಬರುವ ಕೆ.ಸಿ. ವ್ಯಾಲಿ ನೀರನ್ನು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಹೇಳುವುದು ಎಂಎಲ್‌ಡಿಯಲ್ಲಿ. ಮೊದಲ ಹಂತಕ್ಕೆ ಗೊತ್ತುಮಾಡಿದ್ದು 440 ಎಂಎಲ್‌ಡಿ (ದಿನಕ್ಕೆ 440 ದಶಲಕ್ಷ ಲೀಟರ್), ಅಂದರೆ ಸುಮಾರು 180 ಕ್ಯೂಸೆಕ್. ಅಷ್ಟೂ ನೀರು ತಪ್ಪದೆ ಬಂದರೂ ಒಂದು ಟಿಎಂಸಿ ಆಗಲು 64 ದಿನ ಬೇಕು. ಒಂದೇ ಪುಟದಲ್ಲಿ ಮೂರು ಅಳತೆ ಹಾಕಿ, ಒಂದನ್ನು ಇನ್ನೊಂದಕ್ಕೆ ತಂದು ತೋರಿಸದಿದ್ದರೆ ಓದುಗರಿಗೆ ಉಳಿಯುವುದು ಅಂಕಿಗಳ ಗದ್ದಲ ಮಾತ್ರ.

ಮಳೆಯೂ ಹಾಗೆಯೇ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ‘ಭಾರಿ ಮಳೆ’ ಎಂದರೆ 24 ಗಂಟೆಯಲ್ಲಿ 64.5 ಮಿ.ಮೀ.ಗೆ ಕಡಿಮೆ ಇಲ್ಲದ ಮಳೆ. 70 ಮಿ.ಮೀ. ಹಗಲೂ ರಾತ್ರಿ ಜಿಟಿಜಿಟಿ ಸುರಿದರೆ ರಾಗಿ ಹೊಲ ಬಹುಪಾಲು ಹೀರಿಕೊಳ್ಳುತ್ತದೆ. ಅಷ್ಟೇ ಮಳೆ ಎರಡು ಗಂಟೆಯಲ್ಲಿ ಧೋ ಎಂದು ಹೊಡೆದರೆ ಬದು ಕೊಚ್ಚಿ, ಮೇಲ್ಮಣ್ಣು ಕೆರೆ ಸೇರುತ್ತದೆ. ಜಿಟಿಜಿಟಿ, ಸೋನೆ, ತುಂತುರು, ರಪರಪ ಎಂದು ಮಳೆಯ ವೇಗಕ್ಕೇ ಇಷ್ಟು ಮಾತುಗಳಿರುವ ಭಾಷೆಯಲ್ಲಿ ಎಲ್ಲಕ್ಕೂ ‘ಭಾರಿ’ ಒಂದೇ ಏಕೆ?

ಮತದಾನದ ದಿನ ಸಿಗುವ ಶೇಕಡಾವಾರು ಬೆಳಗ್ಗೆಯಿಂದ ಕೂಡುತ್ತಾ ಬಂದದ್ದು. 9 ಗಂಟೆಗೆ ಶೇ 8, 11ಕ್ಕೆ 22, 1ಕ್ಕೆ 33 ಎಂದಿದ್ದರೆ ಆ ಎರಡೆರಡು ಗಂಟೆಗಳಲ್ಲಿ ಬಿದ್ದದ್ದು 8, 14, 11. ಕಳೆದು ನೋಡದೆ ‘ಮಧ್ಯಾಹ್ನ ಮತದಾನ ಬಿರುಸು’ ಎಂದು ಬರೆದರೆ ಅದು ನಿಜಕ್ಕೆ ತಿರುಗುಮುರುಗು.

ಹಣದುಬ್ಬರ ಶೇ 6ರಿಂದ 4ಕ್ಕೆ ಬಂದರೆ ಬೆಲೆ ಇಳಿದಂತಲ್ಲ. 100 ರೂಪಾಯಿಯ ಸಾಮಾನು 106 ಆಗಿ, ಮರುವರ್ಷ 110 ದಾಟಿತು. ಏರುವ ವೇಗ ತಗ್ಗಿತು, ಅಷ್ಟೇ.

ಅಪಘಾತದ ಸುದ್ದಿಯ ‘ಅತಿವೇಗ ಮತ್ತು ಅಜಾಗರೂಕತೆ’ ಸಾಮಾನ್ಯವಾಗಿ ಪೊಲೀಸ್ ದೂರಿನಿಂದ ಬಂದ ಮಾತು, ಅಳೆದ ವೇಗವಲ್ಲ. ‘ಎಂದು ದೂರಿನಲ್ಲಿದೆ’ ಎಂದು ಸೇರಿಸಿ. ವೇಗ ಗೊತ್ತಿದ್ದರೆ ಬಿಡಿಸಿಯೇ ಬರೆಯಿರಿ: ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ.

ಇನ್ನು ‘ಟೊಮೆಟೊ ದರ ದಿಢೀರ್ ಕುಸಿತ’. 15 ಕೆ.ಜಿ. ಬಾಕ್ಸಿನ ಇವತ್ತಿನ ದರದ ಪಕ್ಕದಲ್ಲಿ ನಿನ್ನೆಯದನ್ನೂ ಮೂರು ವಾರದ ಹಿಂದಿನದನ್ನೂ ಕೊಡಿ. ಒಂದು ದಿನದ ಇಳಿತವಾದರೆ ಅವತ್ತು ಮಂಡಿಗೆ ಮಾಲು ಹೆಚ್ಚು ಬಂದಿರಬಹುದು. ಮೂರು ವಾರದಿಂದಲೂ ಇಳಿಯುತ್ತಿದ್ದರೆ, ಇನ್ನೊಂದು ಕೊಯ್ಲಿಗೆ ಕೂಲಿ ಕೊಡುವುದೋ ತೋಟಕ್ಕೆ ದನ ಬಿಡುವುದೋ ಎಂದು ರೈತರು ತೀರ್ಮಾನಿಸುವುದು ಆ ಅಂಕಿಯ ಮೇಲೆ.

— ನಿವೃತ್ತ ಉಪಸಂಪಾದಕ, ಕೋಲಾರ